ಎಂಟ್ರಿ ಫಾರಂನಲ್ಲಿ ಸಮಯದ ಕಾಲಂ ಖಾಲಿ ಬಿಡಬೇಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಶಿವಮೊಗ್ಗಕ್ಕೆ ಈಜು ಸ್ಪರ್ಧೆಗೆ ಬರುವ ಮಕ್ಕಳಲ್ಲಿ ಹೊಳೆ, ಕೆರೆಯಲ್ಲೇ ಕೈಕಾಲು ಬಡಿದು ಕಲಿತವರೂ ಇರುತ್ತಾರೆ. ರಟ್ಟೆಯಲ್ಲಿ ಕಸುವಿರುತ್ತದೆ, ಆದರೆ ಸ್ಟಾಪ್‌ವಾಚ್ ಹಿಡಿದು ಯಾರೂ ನೋಡಿರುವುದಿಲ್ಲ. ಫಾರಂನಲ್ಲಿ ಸಮಯ ಬರೆಯದವರನ್ನು ಎಲ್ಲರಿಗಿಂತ ನಿಧಾನದವರೆಂದು ಲೆಕ್ಕ ಹಾಕಿ ಮೊದಲ ಹೀಟ್‌ಗೆ, ಅಂದರೆ ಒಟ್ಟಿಗೆ ಈಜಿಸುವ ಮೊದಲ ಗುಂಪಿಗೆ, ಹಾಕುತ್ತಾರೆ. ಫೈನಲ್ ಬೇರೆ ಇಲ್ಲದೆ ಹೀಟ್ಸ್ ಸಮಯದ ಮೇಲೆಯೇ ಪದಕ ಕೊಡುವ ಕಡೆ ಇದರಿಂದ ದೊಡ್ಡ ನಷ್ಟ: ಚುರುಕಾದ ಹುಡುಗಿ ಒಬ್ಬಳೇ ಮುಂದೆ ಹೋಗುತ್ತಾಳೆ, ಪಕ್ಕದಲ್ಲಿ ಪೈಪೋಟಿ ಕೊಡುವವರೇ ಇಲ್ಲ.

ಪರಿಹಾರ ಸುಲಭ. ಎಂಟ್ರಿ ಕೊಡುವ ಮುಂಚೆ ಕೊಳದಲ್ಲಿ 50 ಮೀಟರ್ ಈಜಿಸಿ, ಸಿಗ್ನಲ್‌ನಿಂದ ಕೈ ಗೋಡೆ ಮುಟ್ಟುವವರೆಗೆ ಅಳೆಯಿರಿ. ಹೊಳೆಯಲ್ಲಿ ಅಳೆದದ್ದು ಬೇಡ, ಹರಿವು ಸೇರಿಕೊಳ್ಳುತ್ತದೆ. 25 ಮೀಟರ್ ಕೊಳವಾದರೆ ಅದನ್ನೂ ಬರೆಯಿರಿ: ತಿರುವಿನಲ್ಲಿ ಗೋಡೆ ಒದ್ದ ವೇಗ ಸಿಗುವುದರಿಂದ ಅಲ್ಲಿನ ಸಮಯ ಕಡಿಮೆ ಬರುತ್ತದೆ. ಹಾಗೆಂದು ಸಮಯವನ್ನು ಇಳಿಸಿ ಬರೆಯುವುದೂ ತಪ್ಪು. ಮಗು ವೇಗದವರ ಕೊನೆಯ ಹೀಟ್‌ನಲ್ಲಿ ಎಲ್ಲರ ಹಿಂದೆ ಉಳಿದು ಎದೆಗುಂದುತ್ತದೆ.

ಬರೆಯುವ ರೀತಿ 1:05.32, ಅಂದರೆ ನಿಮಿಷ, ಸೆಕೆಂಡ್, ಸೆಕೆಂಡಿನ ನೂರನೇ ಭಾಗ. ಎಕ್ಸೆಲ್‌ನಲ್ಲಿ ಬರೀ 1:05 ಹೊಡೆದರೆ ಅದು ಒಂದು ಗಂಟೆ ಐದು ನಿಮಿಷ ಆಗುತ್ತದೆ! ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಡಿ. ವಯೋಗುಂಪಿಗೆ ಹುಟ್ಟಿದ ತಾರೀಕು ಜನನ ಪ್ರಮಾಣಪತ್ರ ನೋಡಿಯೇ ತುಂಬಿ.

ಇನ್ನು ಆಯೋಜಕರ ಕೆಲಸ. ಆರು ಲೇನ್‌ನ ಕೊಳದಲ್ಲಿ ವೇಗದವರಿಗೆ 3ನೇ ಲೇನ್, ಆಮೇಲೆ ಕ್ರಮವಾಗಿ 4, 2, 5, 1, 6. ಹದಿಮೂರು ಎಂಟ್ರಿ ಬಂದರೆ 6, 6, 1 ಎಂದು ಒಡೆಯಬೇಡಿ. ಒಂದು ಹೀಟ್‌ನಲ್ಲಿ ಕನಿಷ್ಠ ಮೂವರಿರಬೇಕು, ಆದ್ದರಿಂದ 3, 4, 6. ಚಿಕ್ಕ ಮಕ್ಕಳ 50 ಮೀಟರ್‌ಗೆ ಹೀಟ್‌ಗೆ ಎರಡು ನಿಮಿಷ ಹಿಡಿಯಿರಿ. 90 ಎಂಟ್ರಿ ಎಂದರೆ 15 ಹೀಟ್, ಅರ್ಧ ಗಂಟೆ. 200 ಮೀಟರ್ ಮೆಡ್ಲೆಯ (ಬಟರ್‌ಫ್ಲೈ ಸೇರಿ ನಾಲ್ಕೂ ಶೈಲಿಯ ಈಜು) ಬೆನ್ನಿಗೇ 100 ಮೀಟರ್ ಬಟರ್‌ಫ್ಲೈ ಇಡಬೇಡಿ. ಎರಡಕ್ಕೂ ಇಳಿಯುವುದು ಬಹುಪಾಲು ಅದೇ ಮಕ್ಕಳು.

ಲೇನ್‌ಗೆ ಮೂರು ವಾಚ್ ಇದ್ದರೆ ಎರಡು ಒಂದೇ ಹೇಳಿದ್ದು ಅಧಿಕೃತ ಸಮಯ. ಮೂರೂ ಬೇರೆಯಾದರೆ ನಡುವಿನದು. ಎರಡೇ ವಾಚ್ ಇದ್ದರೆ ಸರಾಸರಿ. ಆರು ಲೇನ್‌ಗೆ ಎರಡರಂತೆ ಹಿಡಿದರೂ ಹನ್ನೆರಡು ಜನ ಬೇಕು, ಮೇಲೆ ಇಬ್ಬರು ಬದಲಿ.

ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸಂಜೆ ಗುಡುಗು ಮಳೆ ಇದ್ದದ್ದೇ. ಗುಡುಗು ಕೇಳಿದ ಕೂಡಲೇ ಎಲ್ಲರನ್ನೂ ನೀರಿನಿಂದ ಮೇಲೆ ಕರೆಯಿರಿ. ಕೊನೆಯ ಗುಡುಗಿನಿಂದ 30 ನಿಮಿಷ ಯಾರನ್ನೂ ಇಳಿಸಬೇಡಿ. ಅದಕ್ಕೇ 400, 800 ಮೀಟರ್‌ಗಳನ್ನು ಬೆಳಿಗ್ಗೆಯೇ ಮುಗಿಸಬೇಕು.

ಬಾರದ ಮಗುವಿನ ಹೆಸರನ್ನು ಕೋಚ್‌ಗಳು ಹಿಂದಿನ ಸಂಜೆಯೇ ತಿಳಿಸಲಿ. ಹೀಟ್ ಪಟ್ಟಿ ಗೋಡೆಗೆ ಅಂಟಿಸಿದ ಮೇಲೆ ಹೆಸರು ತೆಗೆದರೆ ಆ ಲೇನ್ ಖಾಲಿಯೇ ಉಳಿಯುತ್ತದೆ.