ಗೋಡೆಯ ಮೇಲೆ ಬರೆದಿಟ್ಟ ನಂಬರು

‘ಮೇಷ್ಟ್ರೇ, ಅವರ ಪಾಸ್‌ಪೋರ್ಟ್ ನಂಬರು ಮನೇಲಿ ಯಾರಿಗೆ ಬಾಯಿಗೆ ಬತ್ತದೆ?’

ಸೋಮವಾರ ಸಂಜೆಯಿಂದ ಈ ಒಂದು ಪ್ರಶ್ನೆ ನನ್ನ ಕಿವಿಯಲ್ಲಿ ಕುಳಿತುಬಿಟ್ಟಿದೆ. ಇದನ್ನು ಕೇಳಿದವಳು ಒಮಾನ್ ದೇಶದ ಮಸ್ಕತ್ತಿನಲ್ಲಿದ್ದಾಳೆ. ಇಪ್ಪತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಕೃಷ್ಣರಾಜಪೇಟೆ ಕಡೆಯ ಹುಡುಗಿ ಅವಳು. ಹತ್ತನೆಯ ತರಗತಿ ಪಾಸಾಗಲಿಲ್ಲ. ಅವಳನ್ನು ನಾನು ಮರೆತೇ ಇದ್ದೆ. ಅವಳು ಮರೆತಿರಲಿಲ್ಲ, ಪ್ರತಿ ವರ್ಷ ಯುಗಾದಿಗೆ ವಾಟ್ಸ್ಯಾಪಿನಲ್ಲಿ ಒಂದು ನಮಸ್ಕಾರ ಕಳುಹಿಸುತ್ತಿದ್ದಳು. ಆ ನಮಸ್ಕಾರಗಳಿಗೆ ನಾನು ಒಮ್ಮೊಮ್ಮೆ ಉತ್ತರ ಕೊಟ್ಟಿದ್ದೇನೆ, ಹೆಚ್ಚಿನ ಸಲ ಕೊಟ್ಟಿಲ್ಲ.

ಮಂಡ್ಯದ ನಮ್ಮ ಮನೆಗೆ ಹದಿನಾರು ವರ್ಷಗಳಿಂದ ಕೆಲಸಕ್ಕೆ ಬರುವ ಅಮ್ಮನ ಮಗಳು ಈ ಶುಕ್ರವಾರ ಬೆಳಗಿನ ಜಾವ ಬೆಂಗಳೂರಿನಿಂದ ವಿಮಾನ ಹತ್ತುವವಳಿದ್ದಳು. ವಯಸ್ಸು ಮೂವತ್ಮೂರು. ಗಂಡ ತೀರಿಹೋಗಿದ್ದಾನೆ, ಹತ್ತು ವರ್ಷದ ಮಗನಿದ್ದಾನೆ, ಮದ್ದೂರು ಕಡೆಯ ಗಾರ್ಮೆಂಟ್ಸಿನ ಸಂಬಳ ವಾರದ ಕಂತುಗಳಿಗೇ ಸರಿಹೋಗುತ್ತದೆ. ಮಸ್ಕತ್ತಿನಲ್ಲಿ ಮನೆಗೆಲಸ, ಊಟ ವಸತಿ ಅವರದೇ, ಇಲ್ಲಿನ ಸಂಬಳದ ಎರಡರಷ್ಟು ಉಳಿಸಬಹುದು ಎಂದು ಏಜೆಂಟ್ ಹೇಳಿದ್ದ. ಎಪ್ಪತ್ತು ಸಾವಿರಕ್ಕೆ ಮಾತಾಗಿ, ನಲವತ್ತು ಸಾವಿರ ಆಗಲೇ ಅವನ ಕೈ ಸೇರಿತ್ತು. ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ತಾಯಿ ಮಗಳಿಬ್ಬರೂ ನನ್ನ ಬಳಿ ಬಂದದ್ದು ಅನುಮಾನದಿಂದಲ್ಲ. ಇಂಗ್ಲಿಷಿನಲ್ಲಿ ಏನು ಬರೆದಿದೆಯೆಂದು ಒಮ್ಮೆ ಓದಿ ಹೇಳಲಿ ಎಂದಷ್ಟೇ. ಓದಿದೆ. ಅದರಲ್ಲಿ ಮಸ್ಕತ್ತಿನ ಹೆಸರೇ ಇರಲಿಲ್ಲ, ದುಬೈನ ಹೆಸರಿತ್ತು. ಅಲ್ಲಿಂದ ರಸ್ತೆಯಲ್ಲಿ ಕರೆದುಕೊಂಡು ಹೋಗುತ್ತಾರಂತೆ. ಆಗ ನನಗೆ ಯುಗಾದಿಯ ನಮಸ್ಕಾರಗಳು ನೆನಪಾದವು. ವೀಡಿಯೊ ಕರೆ ಮಾಡಿದೆ.

ಅವಳು ಯಾವುದೋ ಮನೆಯ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಕ್ಲಿಪ್ಪೊಂದನ್ನು ಬಾಯಲ್ಲಿ ಕಚ್ಚಿಕೊಂಡೇ ‘ಕಾಗದ ಕ್ಯಾಮೆರಾಕ್ಕೆ ಹಿಡೀರಿ ಮೇಷ್ಟ್ರೇ’ ಎಂದಳು. ಹಿಡಿದೆ. ಕ್ಲಿಪ್ಪನ್ನು ತೆಗೆದು ಹಗ್ಗಕ್ಕೆ ಸಿಕ್ಕಿಸಿದಳು. ‘ಅಕ್ಕ, ಇದು ಕೆಲಸದ ವೀಸಾ ಅಲ್ಲ ಕಣಕ್ಕ, ನೋಡಕ್ಕೋಗೋರಿಗೆ ಕೊಡೋದು. ಏರ್‌ಪೋರ್ಟಲ್ಲಿ ಕೇಳಿದ್ರೆ ಚಿಕ್ಕಮ್ಮನ ಮನೆಗೋಯ್ತಿದೀನಿ ಅನ್ನು ಅಂತ ಹೇಳ್ಕೊಟ್ಟವ್ರಾ?’ ನನ್ನ ಪಕ್ಕದಲ್ಲಿದ್ದ ಹೆಣ್ಣುಮಗಳ ಮುಖ ಬಿಳಿಚಿಕೊಂಡಿತು. ಅಕ್ಷರಶಃ ಅದನ್ನೇ ಹೇಳಿಕೊಟ್ಟಿದ್ದರು. ಅವಳಿಗೆ ದುಬೈನಲ್ಲಿ ಯಾವ ಚಿಕ್ಕಮ್ಮನೂ ಇಲ್ಲ. ಇದಾದ ಮೇಲೆ ಬಂದದ್ದೇ ಆ ಪ್ರಶ್ನೆ, ನಂಬರು ಯಾರಿಗೆ ಬಾಯಿಗೆ ಬರುತ್ತದೆ ಎಂಬುದು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅವಳು ಹಾಗೆ ಕೇಳುವುದಕ್ಕೆ ಕಾರಣವಿತ್ತು. 2011ರಲ್ಲಿ ಅವಳೂ ಹೀಗೆಯೇ ಹೋದವಳು. ಮನೆಯ ಯಜಮಾನ ಮೊದಲ ದಿನವೇ ಪಾಸ್‌ಪೋರ್ಟ್ ಇಸಿದುಕೊಂಡ. ಏಳನೆಯ ತಿಂಗಳಲ್ಲಿ, ಮೂರು ತಿಂಗಳ ಸಂಬಳ ಬಾಕಿಯಿದ್ದಾಗ, ಕಸ ಹಾಕುವ ನೆಪದಲ್ಲಿ ಹೊರಗೆ ಬಂದವಳನ್ನು ಕಡಪದ ಕಡೆಯ ಇನ್ನೊಬ್ಬ ಮನೆಗೆಲಸದಾಕೆ ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ನಮ್ಮ ರಾಯಭಾರ ಕಚೇರಿಗೆ ಬಿಟ್ಟಳಂತೆ. ಅಲ್ಲಿ ಕೇಳಿದ ಮೊದಲ ಮಾತೇ ಪಾಸ್‌ಪೋರ್ಟ್ ನಂಬರು. ಅವಳಿಗೆ ಗೊತ್ತಿರಲಿಲ್ಲ. ಊರಿನ ಮನೆಯಲ್ಲಿ ಒಂದು ಝೆರಾಕ್ಸ್ ಪ್ರತಿಯೂ ಇರಲಿಲ್ಲ. ಏಜೆಂಟನ ಫೋನು ಸ್ವಿಚ್ ಆಫ್. ತಾನು ಯಾರೆಂದು ತೋರಿಸಿಕೊಳ್ಳುವುದಕ್ಕೇ ಅವಳಿಗೆ ವಾರಗಳು ಬೇಕಾದವು. ಆಮೇಲೆ, ಪಾಸ್‌ಪೋರ್ಟ್ ಇಲ್ಲದವರಿಗೆ ಮರಳಲು ಕೊಡುವ ಔಟ್‌ಪಾಸ್ ಎಂಬ ಕಾಗದ ಸಿಕ್ಕಿ ಊರಿಗೆ ಬಂದಳು. ಕೆಲವು ವರ್ಷ ಬಿಟ್ಟು ಸರಿಯಾದ ಕೆಲಸದ ವೀಸಾದಲ್ಲಿ ಮತ್ತೆ ಹೋದಳು. ಈಗ ಅಲ್ಲಿರುವ ಕನ್ನಡದ ಹೆಂಗಸರ ವಾಟ್ಸ್ಯಾಪ್ ಗುಂಪಿನಲ್ಲಿ ಹೊಸದಾಗಿ ಬರುವವರ ಕಾಗದಗಳನ್ನು ಓದಿ ಹೇಳುವ ಕೆಲಸ ತನ್ನದೇ ಎಂದಳು. ಸಂಬಳವಿಲ್ಲದ ಆ ಕೆಲಸವನ್ನು ಅವಳು ಒಣಹಾಕುವ ಬಟ್ಟೆಗಳ ನಡುವೆ ನಿಂತು ಮಾಡುತ್ತಾಳೆ.

ಮರುದಿನ ಅವಳು ಹೇಳಿದ ಒಂದೊಂದನ್ನೂ ತಾಳೆ ನೋಡಿದೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ‘ಎಮಿಗ್ರೇಷನ್ ಚೆಕ್ ರಿಕ್ವೈರ್ಡ್’ ಎಂದಿರುತ್ತದೆ. ಅಂಥವರು ಒಮಾನ್, ಕುವೈತ್, ಸೌದಿ ಅರೇಬಿಯಾ ಸೇರಿದಂತೆ ಹದಿನೆಂಟು ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಬೇಕು. ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ ಮೂವತ್ತು ತುಂಬಿರಬೇಕು, ಅವಳನ್ನು ಕಳುಹಿಸುವ ಅಧಿಕಾರ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಬೇರೆ ಕೆಲಸಗಳಿಗೆ ಕಳುಹಿಸುವ ನೋಂದಾಯಿತ ಏಜೆಂಟ್ ಕೂಡ ಮೂವತ್ತು ಸಾವಿರ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅನುಮತಿ ಪಡೆದು ಹೋಗುವವರಿಗೆ ಎರಡು ವರ್ಷಕ್ಕೆ 275 ರೂಪಾಯಿ ಕಂತಿನಲ್ಲಿ ಹತ್ತು ಲಕ್ಷದ ವಿಮೆಯೂ ಇದೆ. ನೋಡುವುದಕ್ಕೆ ಹೋಗುವವರಿಗೆ ಆ ಅನುಮತಿ ಬೇಕಿಲ್ಲ. ಚಿಕ್ಕಮ್ಮನ ಕಥೆ ಹುಟ್ಟಿದ್ದು ಇದರಿಂದಲೇ. ವಿಸಿಟ್ ವೀಸಾದಲ್ಲಿ ಹೊರಟವಳ ಹೆಸರು ಕೆಲಸಕ್ಕೆ ಹೋದವರ ಯಾವ ಲೆಕ್ಕಕ್ಕೂ ಸೇರುವುದಿಲ್ಲ, ಕರಾರು ಪತ್ರವಿಲ್ಲ, ವಿಮೆಯಿಲ್ಲ. ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯಿದೆ. ನಮ್ಮವನ ಹೆಸರನ್ನು ಅದರಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಇಷ್ಟೆಲ್ಲ ಮಾಹಿತಿ ಬಹಿರಂಗವಾಗಿಯೇ ಇದೆ, ಆದರೆ ಆ ತಾಯಿ ಮಗಳನ್ನು ಅದು ತಲುಪಿರಲಿಲ್ಲ. ಅವರನ್ನು ತಲುಪಿದವನು ಏಜೆಂಟ್. ಅವನ ವಿಷಯದಲ್ಲಿ ನನಗೆ ಸಿಟ್ಟಿದೆ, ಆದರೆ ಅವನನ್ನು ಬರೀ ಮೋಸಗಾರನೆಂದು ತಳ್ಳಿಹಾಕಿದರೆ ವಿಷಯ ಅರ್ಥವಾಗುವುದಿಲ್ಲ. ಅವನೂ ಆರು ವರ್ಷ ಗಲ್ಫಿನಲ್ಲಿ ಡ್ರೈವರಾಗಿ ದುಡಿದು ಬಂದವನು. ಅವರ ಮನೆಗೆ ಖರ್ಜೂರದ ಡಬ್ಬಿ ಹಿಡಿದು ಬಂದು, ಜಗಲಿಯ ಮೇಲೆ ಕುಳಿತು, ಮೊಬೈಲಿನಲ್ಲಿ ಅಲ್ಲಿನ ರಸ್ತೆಗಳನ್ನು ತೋರಿಸಿದ್ದ. ಕಂಡು ಬಂದವನ ಮಾತನ್ನು ಯಾರು ತಾನೆ ನಂಬುವುದಿಲ್ಲ? ನನ್ನ ವಿದ್ಯಾರ್ಥಿನಿಯ ಮಾತಿಗೆ ಇರುವ ಬಲವೂ ಅದೇ, ಅವನ ಮಾತಿಗಿದ್ದ ಬಲವೂ ಅದೇ. ಅವನು ಅಲ್ಲಿನ ಸಂಬಳವನ್ನು ಹೇಳಿದ. ಪಾಸ್‌ಪೋರ್ಟನ್ನು ಮೊದಲ ದಿನವೇ ಕಸಿದುಕೊಳ್ಳುತ್ತಾರೆ ಎಂಬುದು ಅವನಿಗೆ ಗೊತ್ತಿರದ ಸಂಗತಿಯಲ್ಲ, ಅದನ್ನು ಹೇಳಲಿಲ್ಲ. ನಾನು ಕ್ಷಮಿಸಲಾರದ್ದು ಈ ಮೌನವನ್ನು.

ಅನಿವಾಸಿ ಎಂದೊಡನೆ ನಮ್ಮ ಜಿಲ್ಲೆಯಲ್ಲಿ ಕಣ್ಣಿಗೆ ಬರುವುದು ಅಮೆರಿಕದಿಂದ ಬಂದು ಶಾಲೆಗೆ ಕೊಠಡಿ ಕಟ್ಟಿಸಿಕೊಡುವ ಎಂಜಿನಿಯರು, ಅವರಿಗೆ ಹಾಕುವ ಮೈಸೂರು ಪೇಟ. ಅವರ ಉಪಕಾರ ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವವಳೂ ಅನಿವಾಸಿಯೇ, ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಿಂದ ಗಿಡಮೂಲಿಕೆಯ ಎಣ್ಣೆ ಮಾರಲು ಆಫ್ರಿಕಾಕ್ಕೆ ಹೋಗುವ ಹಕ್ಕಿಪಿಕ್ಕಿಗಳೂ ಅನಿವಾಸಿಗಳೇ ಎಂಬುದು ನಮ್ಮ ಮನಸ್ಸಿಗೆ ಬರುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಸೇನೆಯೂ ಅರೆಸೇನಾ ಪಡೆಯೂ ಕಾದಾಟಕ್ಕಿಳಿದಾಗ ಆ ಸಮುದಾಯದವರು ಎಲ್ ಫಾಶರ್‌ನಲ್ಲಿ ಅನ್ನ ನೀರಿಲ್ಲದೆ ಸಿಕ್ಕಿಕೊಂಡ ಸುದ್ದಿ ಅವರದೇ ಮೊಬೈಲುಗಳಿಂದ ಇಲ್ಲಿಗೆ ಬಂದಾಗಲೇ ನಮ್ಮಲ್ಲಿ ಅನೇಕರಿಗೆ ಅವರು ಅಷ್ಟು ದೂರ ಹೋಗುತ್ತಾರೆಂಬುದು ತಿಳಿದದ್ದು. ನಮ್ಮ ನದಿಯ ಹೆಸರನ್ನೇ ಇಟ್ಟ ‘ಆಪರೇಷನ್ ಕಾವೇರಿ’ಯಲ್ಲಿ 3,862 ಮಂದಿಯನ್ನು ಸುಡಾನಿನಿಂದ ಹೊರತಂದರು. ನೆರೆಯ ಕೇರಳದವರು 1996ರಲ್ಲೇ ಹೊರನಾಡಿನ ಮಲಯಾಳಿಗಳಿಗಾಗಿ ‘ನೋರ್ಕಾ’ ಎಂಬ ಪ್ರತ್ಯೇಕ ಇಲಾಖೆ ಮಾಡಿಕೊಂಡರು. ಅಲ್ಲಿ ಮನೆಮನೆಯಿಂದಲೂ ಜನ ಹೋಗಿದ್ದಾರೆ, ಆದ್ದರಿಂದ ಕೇಳುವ ದನಿಯೂ ಇದೆ. ನಮ್ಮಲ್ಲಿ ಹೋಗುವವರು ಕಡಿಮೆ. ಅದಕ್ಕೇ ಹೋದ ಒಬ್ಬೊಬ್ಬರ ಅನುಭವವೂ ನಮಗೆ ಇನ್ನಷ್ಟು ಬೆಲೆಯುಳ್ಳದ್ದು.

ಆ ರಾತ್ರಿ ನನಗೆ ಮುಸ್ಸಿಯೆ ಜೆರಾಯ್ ಎಂಬ ಪಾದ್ರಿ ನೆನಪಾದರು. ಎರಿಟ್ರಿಯಾದಲ್ಲಿ ಹುಟ್ಟಿ, ಹದಿಹರೆಯದಲ್ಲೇ ಇಟಲಿಗೆ ಬಂದು ನೆಲೆಸಿದವರು. ಒಮ್ಮೆ ಲಿಬಿಯಾದ ಬಂದೀಖಾನೆಯೊಂದರಲ್ಲಿದ್ದ ತಮ್ಮ ನಾಡಿನವರ ಮಾತನ್ನು ಪತ್ರಕರ್ತರೊಬ್ಬರಿಗೆ ಅನುವಾದ ಮಾಡಿಕೊಟ್ಟರು. ಅವರ ಫೋನ್ ನಂಬರನ್ನು ಅಲ್ಲಿದ್ದವರು ಗೋಡೆಯ ಮೇಲೆ ಗೀಚಿಟ್ಟರು. ಆ ಬಂದಿಗಳು ಹೋದ ಮೇಲೆ ಬಂದವರು ಅದನ್ನು ಓದಿಕೊಂಡರು. ಮೆಡಿಟರೇನಿಯನ್ ಸಮುದ್ರದ ನಡುವೆ ದೋಣಿ ಕೆಟ್ಟು ನಿಂತಾಗ ಉಪಗ್ರಹ ಫೋನಿನಿಂದ ಆ ನಂಬರಿಗೆ ಕರೆ ಬರುತ್ತಿತ್ತು. ದೋಣಿ ಎಲ್ಲಿದೆಯೆಂಬುದನ್ನು ಅಂಕೆಗಳಲ್ಲಿ ಬರೆದುಕೊಂಡು ಅವರು ಇಟಲಿಯ, ಮಾಲ್ಟಾದ ಕರಾವಳಿ ಪಡೆಗಳಿಗೆ ತಿಳಿಸುತ್ತಿದ್ದರು. 2015ರಲ್ಲಿ ಅವರ ಹೆಸರು ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿತವಾಗಿತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಆ ಗೋಡೆ. ನಂಬರು ಬರೆದವನು ದಾಟಿದನೋ ಇಲ್ಲವೋ, ಮುಂದೆ ಬರುವವನಿಗೆ ಬೇಕಾಗುತ್ತದೆಂದು ಅವನು ಬರೆದಿಟ್ಟು ಹೋಗಿದ್ದಾನೆ.

ಮಂಗಳವಾರ ಸಂಜೆ ನಾನು ಅವರ ಮನೆಗೆ ಹೋದಾಗ ಅಜ್ಜಿ ಒಂಟಿಕೊಪ್ಪಲ್ ಕ್ಯಾಲೆಂಡರಿನ ಮೂಲೆಯಲ್ಲಿ ಮೊಮ್ಮಗನ ಕೈಯಿಂದ ಮಗಳ ಪಾಸ್‌ಪೋರ್ಟ್ ನಂಬರನ್ನು ಬರೆಸಿದ್ದರು. ಒಂದು ಇಂಗ್ಲಿಷ್ ಅಕ್ಷರ, ಏಳು ಅಂಕೆ, ಏಕಾದಶಿಯ ಪಕ್ಕದಲ್ಲಿ. ಅದರ ಫೋಟೊ ತೆಗೆದು ಮಸ್ಕತ್ತಿಗೆ ಕಳುಹಿಸಿದೆ, ನಾವು ಕೆಲಸ ಮುಗಿಸಿದ್ದೇವೆ ಎಂಬಂತೆ. ಐದು ನಿಮಿಷದಲ್ಲಿ ದನಿ ಸಂದೇಶ ಬಂತು: ‘ಮೇಷ್ಟ್ರೇ, ಕರಾರು ಎರಡು ವರ್ಷದ್ದು. ಕ್ಯಾಲೆಂಡರು ವರ್ಷಕ್ಕೇ ಒಲೆಗೋಯ್ತದೆ. ಗೋಡೆ ಮೇಲೆ ಬರೀಲಿ.’

ತರಗತಿಯಲ್ಲಿ ಒಂದು ಪದ್ಯ ಬಾಯಿಪಾಠ ಬರಲಿಲ್ಲವೆಂದು ನಾನು ಅವಳನ್ನು ಇಡೀ ಪಿರಿಯಡ್ ನಿಲ್ಲಿಸಿದ್ದೆ. ಅವಳಿಗೆ ಅದು ನೆನಪಿದೆಯೋ ಇಲ್ಲವೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಶುಕ್ರವಾರದ ವಿಮಾನಕ್ಕೆ ಮಗಳು ಹೋಗಲಿಲ್ಲ. ಏಜೆಂಟ್ ನಲವತ್ತರಲ್ಲಿ ಹದಿನೈದು ಸಾವಿರ ಮರಳಿಸಿದ್ದಾನೆ, ಉಳಿದದ್ದಕ್ಕೆ ದಿನ ಕೇಳಿದ್ದಾನೆ, ನಾನು ಬಿಡುವವನಲ್ಲ. ಹೋಗುವ ಆಸೆ ಅವಳಿಗೆ ಇನ್ನೂ ಇದೆ, ಸಾಲವೂ ಹಾಗೆಯೇ ಇದೆ. ಬೇಡವೆನ್ನಲು ನಾನು ಯಾರು? ಹೋಗುವುದಾದರೆ ಸರ್ಕಾರಿ ಸಂಸ್ಥೆಯ ಮೂಲಕ, ಕರಾರನ್ನು ಮಸ್ಕತ್ತಿನವಳು ಓದಿದ ಮೇಲೆ ಎಂದು ಮಾತಾಗಿದೆ. ಇಂದು ಬೆಳಿಗ್ಗೆ ಅಜ್ಜಿ ಕೆಲಸಕ್ಕೆ ಬಂದಾಗ ಹುಡುಗನೂ ಜೊತೆಯಲ್ಲಿದ್ದ. ಕೇಳದೆಯೇ ನನ್ನ ಮುಂದೆ ನಿಂತು, ಕೈಕಟ್ಟಿಕೊಂಡು, ಅಮ್ಮನ ನಂಬರನ್ನು ಒಂದೇ ಉಸಿರಿಗೆ ಒಪ್ಪಿಸಿದ. ಅಡುಗೆ ಮನೆಯ ಗೋಡೆಯಲ್ಲಿ, ಮಸಿ ತಾಗದಷ್ಟು ಮೇಲೆ, ಸ್ಟೂಲಿನ ಮೇಲೆ ಹತ್ತಿ ಬರೆದಿದ್ದಾನಂತೆ.