ಲಾರೆನ್ಸ್ ಟೇಲರ್ ಬಿಟ್ಟು ಅಲನ್ ಪೇಜ್ ಯಾಕೆ?

ಅಮೆರಿಕನ್ ಫುಟ್‌ಬಾಲ್ ನೋಡ್ತೀನಿ ಅಂತ ಗೊತ್ತಾದ ತಕ್ಷಣ ಫ್ರೆಂಡ್ಸ್ ಕೇಳೋ ಪ್ರಶ್ನೆ, ಡಿಫೆನ್ಸ್ ಆಡಿದವ್ರಲ್ಲಿ ಎಲ್ಲರಿಗಿಂತ ದೊಡ್ಡೋರು ಯಾರು? ನಾನು ಅಲನ್ ಪೇಜ್ ಅಂತೀನಿ. ಆಮೇಲೆ ಶುರು. ಯಾರದು? ಲಾರೆನ್ಸ್ ಟೇಲರ್ ಅಲ್ವಾ? ನಿನ್ನ ಪೇಜ್ ಒಂದು ಸೂಪರ್ ಬೌಲೂ (ಲೀಗಿನ ಫೈನಲ್) ಗೆದ್ದಿಲ್ವಂತೆ? ಪ್ರತಿ ಸಲ ಅರ್ಧ ಉತ್ತರ ಕೊಟ್ಟು ಊಟಕ್ಕೆ ಎದ್ದು ಹೋಗೋ ಬದಲು ಪೂರ್ತಿ ಬರೆದು ಹಾಕ್ತಿದ್ದೀನಿ, ಇನ್ಮೇಲೆ ಯಾರಾದ್ರೂ ಕೇಳಿದ್ರೆ ಲಿಂಕ್ ಕಳಿಸ್ತೀನಿ ಅಷ್ಟೇ.

ಮೊದಲು ಟೇಲರ್ ವಿಷಯ ಮುಗಿಸಿಬಿಡೋಣ. ನ್ಯೂಯಾರ್ಕ್ ಜೈಂಟ್ಸ್‌ಗೆ 1981ರಿಂದ 1993ರವರೆಗೆ ಆಡಿದ್ರು, ಎರಡು ಸೂಪರ್ ಬೌಲ್ ಗೆದ್ರು, ಅವ್ರನ್ನ ತಡೆಯೋದು ಹೇಗೆ ಅಂತ ಎದುರು ಕೋಚ್‌ಗಳು ತಮ್ಮ ಪ್ಲಾನನ್ನೇ ಬದಲಾಯಿಸಬೇಕಾಯ್ತು. ನಂಬರ್ ಒನ್ ಟೇಲರ್ ಅಂತ ಯಾರಾದ್ರೂ ಹೇಳಿದ್ರೆ ನಾನು ಜಗಳ ಆಡಲ್ಲ. ಆದ್ರೆ ಒಂದು ಮಾತು. ಎನ್‌ಎಫ್‌ಎಲ್ ಅನ್ನೋ ಈ ಇಡೀ ಲೀಗಿನ ಅತ್ಯುತ್ತಮ ಆಟಗಾರ ಅಂತ ಅಸೋಸಿಯೇಟೆಡ್ ಪ್ರೆಸ್ ಕೊಡೋ ಎಂವಿಪಿ ಪ್ರಶಸ್ತಿ ಡಿಫೆನ್ಸ್ ಆಡೋರಿಗೆ ಬಂದಿರೋದು ಬರೀ ಎರಡೇ ಸಲ, 1986ರಲ್ಲಿ ಟೇಲರ್‌ಗೆ, ಅದಕ್ಕೂ ಹದಿನೈದು ವರ್ಷ ಮೊದಲು 1971ರಲ್ಲಿ ಪೇಜ್‌ಗೆ. ಆಮೇಲೆ ಡಿಫೆನ್ಸ್ ಆಡೋ ಜೆ.ಜೆ. ವಾಟ್ 2014ರಲ್ಲಿ 20.5 ಸ್ಯಾಕ್ (ಅದೇನು ಅಂತ ಮುಂದಿನ ಪ್ಯಾರಾದಲ್ಲಿ ಹೇಳ್ತೀನಿ) ಮಾಡಿ ಎರಡನೇ ಸ್ಥಾನಕ್ಕೆ ನಿಂತ್ರು, ಏರನ್ ಡೊನಾಲ್ಡ್ ಮೂರು ಸಲ ವರ್ಷದ ಬೆಸ್ಟ್ ಡಿಫೆನ್ಸ್ ಆಟಗಾರ ಆದ್ರೂ ಎಂವಿಪಿ ಸಿಗಲಿಲ್ಲ. ಅಂದ್ರೆ ಬಾಲ್ ಎಸೆಯೋನಿಗೆ ಕೊಡೋ ಪ್ರಶಸ್ತಿನ ಎಸೆಯೋನನ್ನ ಕೆಡವೋನಿಗೆ ಮೊದಲ ಸಲ ಕೊಡೋ ಹಾಗೆ ಮಾಡಿದ್ದು ಪೇಜ್.

ಆಟ ಗೊತ್ತಿಲ್ಲದವ್ರಿಗೆ ಸ್ವಲ್ಪ ಹೇಳ್ತೀನಿ, ಗೊತ್ತಿರೋರು ಮುಂದಿನ ಪ್ಯಾರಾಗೆ ಹೋಗಿ. ಬಾಲ್ ಇರೋ ಟೀಮಿಗೆ ಹತ್ತು ಯಾರ್ಡ್ ಮುಂದೆ ಹೋಗೋಕೆ ನಾಲ್ಕು ಚಾನ್ಸ್. ಕ್ವಾರ್ಟರ್‌ಬ್ಯಾಕ್ ಬಾಲ್ ತಗೊಂಡು ಹಿಂದೆ ಸರಿದು ಯಾರಿಗೆ ಎಸೀಲಿ ಅಂತ ನೋಡ್ತಾ ಇರ್ತಾನೆ, ಅವನ ಮುಂದೆ ಐದು ಜನ ದೈತ್ಯರು ಗೋಡೆ ಥರ ನಿಂತಿರ್ತಾರೆ, ಆ ಗೋಡೆ ದಾಟಿ ಅವನು ಎಸೆಯೋಕೆ ಮೊದಲೇ ಅವನನ್ನ ಕೆಡವಿದ್ರೆ ಅದು ಸ್ಯಾಕ್. ತುದಿಯಿಂದ ಸುತ್ತಿಕೊಂಡು ಓಡಿ ಬರೋರಿಗೆ ಸ್ವಲ್ಪ ಜಾಗ ಇರುತ್ತೆ, ಪೇಜ್ ಆಡ್ತಿದ್ದಿದ್ದು ಡಿಫೆನ್ಸಿವ್ ಟ್ಯಾಕಲ್, ಅಂದ್ರೆ ನಟ್ಟ ನಡುವೆ. ಅಲ್ಲಿ ಜಾಗಾನೇ ಇಲ್ಲ, ಎಷ್ಟೋ ಸಲ ಒಬ್ಬನ ಮೇಲೆ ಇಬ್ಬರು ಬೀಳ್ತಾರೆ.

ಆ ಜಾಗಕ್ಕೆ ಪೇಜ್ ಸಣ್ಣ ಮನುಷ್ಯ. ಆರಡಿ ನಾಲ್ಕಿಂಚು ಎತ್ತರ, ತೂಕ ಹೆಚ್ಚು ಕಮ್ಮಿ 110 ಕಿಲೋ. ಸಣ್ಣ ಅಂದ್ನಲ್ಲ ಅಂತ ನಗಬೇಡಿ, ಆ ಪೊಸಿಷನ್‌ಗೆ ಅದು ನಿಜವಾಗ್ಲೂ ಕಮ್ಮಿ. ಅವ್ರ ಆಸ್ತಿ ಅಂದ್ರೆ ಮೊದಲ ಹೆಜ್ಜೆ, ಬಾಲ್ ಅಲುಗಾಡಿದ ಕ್ಷಣಕ್ಕೇ ಹೊರಟುಬಿಡೋರು, ಎದುರು ಗಾರ್ಡ್ (ಆ ಗೋಡೆಯಲ್ಲಿ ಒಬ್ಬ) ಇನ್ನೂ ಸೊಂಟ ಎತ್ತಿ ನಿಲ್ಲೋಷ್ಟರಲ್ಲಿ ಇವ್ರು ಪಕ್ಕದಿಂದ ದಾಟಿ ಆಗಿರೋದು. 1971ರ ಡಿಸೆಂಬರಲ್ಲಿ ಡೆಟ್ರಾಯಿಟ್ ಲಯನ್ಸ್ ಜೊತೆ ಮ್ಯಾಚಲ್ಲಿ ತಮ್ಮ ಮೇಲೆ ಪೆನಾಲ್ಟಿ ಕೊಟ್ರು ಅಂತ ಸಿಟ್ಟಿಗೆದ್ದು, ಆಮೇಲೆ ಲಯನ್ಸ್‌ನವ್ರಿಗೆ ಉಸಿರಾಡೋಕೂ ಬಿಡದ ಹಾಗೆ ಆಡಿದ್ದನ್ನ ಹಳಬರು ಈಗಲೂ ಹೇಳ್ತಾರೆ.

ಟೀಮ್ ಮಿನ್ನೆಸೋಟಾ ವೈಕಿಂಗ್ಸ್. 1967ರ ಡ್ರಾಫ್ಟಲ್ಲಿ (ಕಾಲೇಜು ಆಟಗಾರರನ್ನ ಟೀಮುಗಳು ಸರದಿ ಪ್ರಕಾರ ಆರಿಸಿಕೊಳ್ಳೋದು) ಹದಿನೈದನೇ ಹೆಸರಾಗಿ ಆರಿಸಿಕೊಂಡಿದ್ರು. ಕಾರ್ಲ್ ಎಲ್ಲರ್, ಜಿಮ್ ಮಾರ್ಷಲ್, ಗ್ಯಾರಿ ಲಾರ್ಸೆನ್, ಪೇಜ್, ಈ ನಾಲ್ಕು ಜನರ ಸಾಲಿಗೆ ಪರ್ಪಲ್ ಪೀಪಲ್ ಈಟರ್ಸ್ ಅಂತ ಹೆಸರು, ನೇರಳೆ ಜರ್ಸಿ ಹಾಕಿಕೊಂಡು ಮನುಷ್ಯರನ್ನ ತಿನ್ನೋರು ಅನ್ನೋ ಲೆಕ್ಕ. 1969ರಲ್ಲಿ 14 ಮ್ಯಾಚಲ್ಲಿ ಎದುರಾಳಿಗಳಿಗೆ ಬಿಟ್ಟುಕೊಟ್ಟಿದ್ದು ಬರೀ 133 ಪಾಯಿಂಟ್. ಮೈದಾನ ಇದ್ದಿದ್ದು ಬ್ಲೂಮಿಂಗ್ಟನ್‌ನಲ್ಲಿ, ಮೇಲೆ ಛಾವಣಿ ಇಲ್ಲ, ಕೋಚ್ ಬಡ್ ಗ್ರಾಂಟ್ ಅಂತೂ ಆ ಮಿನ್ನೆಸೋಟಾ ಚಳಿಯಲ್ಲಿ ತಮ್ಮ ಆಟಗಾರರಿಗೆ ಹೀಟರ್ ಇಡೋಕೇ ಬಿಡ್ತಿರಲಿಲ್ಲ. ಊರಿಂದ ಅತ್ತೆ ಮಾವ ಬಂದಾಗ ನಾವೆಲ್ಲ ತೋರಿಸೋಕೆ ಕರ್ಕೊಂಡು ಹೋಗ್ತೀವಲ್ಲ ಮಾಲ್ ಆಫ್ ಅಮೆರಿಕಾ, ಆ ಸ್ಟೇಡಿಯಂ ಒಡೆದು ಹಾಕಿ ಅದೇ ಜಾಗದಲ್ಲಿ ಕಟ್ಟಿದ್ದು ಅದನ್ನ.

ಇನ್ನು ಸೂಪರ್ ಬೌಲ್. ನಾಲ್ಕು ಸಲ ಹೋದ್ರು, ನಾಲ್ಕೂ ಸೋತ್ರು. 1970ರಲ್ಲಿ ಕಾನ್ಸಾಸ್ ಸಿಟಿ 23-7, 1974ರಲ್ಲಿ ಮಯಾಮಿ 24-7, 1975ರಲ್ಲಿ ಪಿಟ್ಸ್‌ಬರ್ಗ್ 16-6, 1977ರಲ್ಲಿ ಓಕ್ಲೆಂಡ್ 32-14. ಸ್ಕೋರ್ ಸರಿಯಾಗಿ ನೋಡಿ, ಆರು, ಏಳು ಪಾಯಿಂಟ್ ಹೊಡೆಯೋ ಬ್ಯಾಟಿಂಗ್ ಸೈಡ್ ಇಟ್ಕೊಂಡು ಡಿಫೆನ್ಸ್ ಏನ್ ಮಾಡ್ಬೇಕು ಸ್ವಾಮಿ? 2025ರವರೆಗೆ ಆರ್‌ಸಿಬಿ ಜೊತೆ ಬಾಳಿದ ನಾವು ಕಪ್ ಇಲ್ಲ ಅಂತ ಒಬ್ಬ ಆಟಗಾರನನ್ನ ಕೆಳಗಿಡೋದು ಸರಿ ಅನ್ಸಲ್ಲ. ನಮಗಾದ್ರೂ ಬಂತು, ವೈಕಿಂಗ್ಸ್‌ಗೆ ಇನ್ನೂ ಬಂದಿಲ್ಲ.

ಅಂಕಿ ಅಂಶ ಬೇಕು ಅನ್ನೋರಿಗೆ: ಹದಿನೈದು ಸೀಸನ್, 218 ಮ್ಯಾಚ್, ಒಂದನ್ನೂ ತಪ್ಪಿಸಿಕೊಂಡಿಲ್ಲ. ಒಂಬತ್ತು ವರ್ಷ ಸತತ ಪ್ರೋ ಬೌಲ್, ಅಂದ್ರೆ ಲೀಗಿನ ಆಯ್ದ ಆಟಗಾರರ ಮ್ಯಾಚಿಗೆ ಆಯ್ಕೆ. ಸ್ಯಾಕ್ ಲೆಕ್ಕಾನ ಲೀಗ್ ಅಧಿಕೃತವಾಗಿ ಇಡೋಕೆ ಶುರು ಮಾಡಿದ್ದೇ 1982ರಲ್ಲಿ, ಪೇಜ್ ರಿಟೈರ್ ಆದ ಮೇಲೆ. ಆಮೇಲೆ ಹಳೇ ದಾಖಲೆ ಕೆದಕಿ ಎಣಿಸಿದ್ರೆ 148.5 ಅಂತ ಸಿಕ್ತು. ನಡುವಿನಿಂದ ಆಡಿ 148.5, ಯೋಚನೆ ಮಾಡಿ.

ಇಷ್ಟೇ ಆಗಿದ್ರೆ ನಾನೂ ಟೇಲರ್, ಪೇಜ್, ರೆಜ್ಜಿ ವೈಟ್ ಅಂತ ಮೂರು ಹೆಸರು ಹೇಳಿ ಸುಮ್ನಾಗ್ತಿದ್ದೆ. ನನಗೆ ಪೇಜ್ ಬೇರೆಯಾಗಿ ಕಾಣೋದು 1978ರಿಂದ. ಅದು ಹೇಳಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಹುಟ್ಟಿದ್ದು 1945ರಲ್ಲಿ ಒಹಾಯೋದ ಕ್ಯಾಂಟನ್‌ನಲ್ಲಿ. ಉಕ್ಕಿನ ಕಾರ್ಖಾನೆ ಊರು, ಅಲ್ಲಿನ ಕರಿಯ ಹುಡುಗರಿಗೆ ಸಾಮಾನ್ಯವಾಗಿ ಸಿಗ್ತಿದ್ದ ಕೆಲಸ ಅಂದ್ರೆ ಅದೇ ಕಾರ್ಖಾನೆ, ಕೊಳೆ, ಅಪಾಯ, ದಿನಾ ಅದೇ ಕೆಲಸ, ಅದು ಬೇಡ ಅಂತ ಚಿಕ್ಕವನಿದ್ದಾಗಲೇ ತೀರ್ಮಾನ ಮಾಡಿದ್ರಂತೆ. ಸ್ಕೂಲಲ್ಲಿ ಕರಿಯರನ್ನ ಬೇರೆ ಕೂರಿಸೋದು ತಪ್ಪು ಅಂತ 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಇವ್ರಿಗೆ ಎಂಟು ವರ್ಷ, ಕೋರ್ಟು ಕಾನೂನಿಗೆ ಇಂಥ ಶಕ್ತಿ ಇದೆ ಅನ್ನೋದು ಆಗಲೇ ತಲೇಲಿ ಕೂತಿತ್ತು. ಹದಿಮೂರನೇ ವಯಸ್ಸಲ್ಲಿ ತಾಯಿ ತೀರಿಕೊಂಡ್ರು. ಫುಟ್‌ಬಾಲ್ ಹಾಲ್ ಆಫ್ ಫೇಮ್ (ದೊಡ್ಡ ಆಟಗಾರರ ಗೌರವಕ್ಕೆ ಕಟ್ಟಿದ್ದು) ಇರೋದೂ ಇದೇ ಕ್ಯಾಂಟನ್‌ನಲ್ಲೇ, ಅದರ ಕಟ್ಟಡ ಏಳ್ತಾ ಇದ್ದಾಗ ಕೂಲಿ ಕೆಲಸ ಮಾಡಿದ ಹುಡುಗರಲ್ಲಿ ಪೇಜೂ ಒಬ್ರು. ಸಿನಿಮಾದಲ್ಲಿ ಬಂದ್ರೆ ಓವರ್ ಆಯ್ತು ಗುರೂ ಅಂತೀವಿ, ಆದ್ರೆ ನಿಜ. ಆಮೇಲೆ ನೋಟರ್ ಡೇಮ್ ಯೂನಿವರ್ಸಿಟಿ, ಕಾಲೇಜು ಫುಟ್‌ಬಾಲಲ್ಲಿ 1966ರ ನ್ಯಾಷನಲ್ ಚಾಂಪಿಯನ್‌ಶಿಪ್, ಅದೆಲ್ಲ ಆಯ್ತು.

ವಿಷಯ ಏನಂದ್ರೆ, ಆಟ ನಿಂತ ಮೇಲೆ ಏನ್ ಮಾಡೋದು ಅಂತ ಹುಡುಕಿ ಲಾ ಓದಿದ್ದಲ್ಲ ಇವ್ರು. ವೈಕಿಂಗ್ಸ್‌ಗೆ ಆಡ್ತಾ ಆಡ್ತಾನೇ ಒಂದು ಲಾ ಕಾಲೇಜಿಗೆ ಸೇರಿ ಕೆಲವೇ ವಾರಕ್ಕೆ ಬಿಟ್ರು, ಆಮೇಲೆ ಮಿನ್ನೆಸೋಟಾ ಯೂನಿವರ್ಸಿಟಿ ಲಾ ಸ್ಕೂಲಿಗೆ ಸೇರಿ 1978ರಲ್ಲಿ ಡಿಗ್ರಿ ಮುಗಿಸಿದ್ರು. ಜೊತೆಗೆ ಆಟಗಾರರ ಯೂನಿಯನ್ ಕೆಲಸ, 1974ರ ಸ್ಟ್ರೈಕ್ ಹೊತ್ತಿಗೆ ಅದರ ಕಾರ್ಯಕಾರಿ ಸಮಿತಿಯಲ್ಲಿದ್ರು. ಅದರ ಮೇಲೆ ಓಟ. ಹೆಂಡತಿ ಡಯೇನ್ ಸಿಗರೇಟ್ ಬಿಡಬೇಕು ಅಂತ ಓಡೋಕೆ ಶುರು ಮಾಡಿದ್ರು, ಜೊತೆಗೆ ಇವ್ರೂ ಓಡಿದ್ರು, ಇವ್ರಿಗೆ ಹುಚ್ಚು ಹಿಡೀತು. ದಿನಾ ಮೈಲಿಗಟ್ಟಲೆ ಓಡಿದ್ರೆ ತೂಕ ಇಳಿಯುತ್ತಲ್ಲ, ಇಳೀತು. ಕೋಚ್‌ಗೆ ಅದು ಹಿಡಿಸಲಿಲ್ಲ, ಈ ತೂಕಕ್ಕೆ ಇನ್ನು ಕೆಲಸಕ್ಕೆ ಬರಲ್ಲ ಅಂದ್ರು. 1978ರಲ್ಲಿ ಸೀಸನ್ ಮಧ್ಯದಲ್ಲೇ ವೈಕಿಂಗ್ಸ್ ಕೈಬಿಡ್ತು, ಎಂವಿಪಿ ಆಗಿದ್ದ ಆಟಗಾರನನ್ನ ಶಿಕಾಗೋ ಬೇರ್ಸ್ ಬರೀ 100 ಡಾಲರ್ ಫೀಸ್ ಕಟ್ಟಿ ಕರ್ಕೊಂಡು ಹೋಯ್ತು.

ಕೋಚ್ ಹೇಳಿದ್ದು ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ತೂಕ ಕಮ್ಮಿಯಾದ ಟ್ಯಾಕಲ್‌ನ ಎದುರು ಟೀಮು ಬಾಲ್ ಹಿಡಿದು ನೇರ ನುಗ್ಗೋ ಆಟದಲ್ಲಿ ಪಕ್ಕಕ್ಕೆ ತಳ್ಳಿಬಿಡಬಹುದು, ಅದು ಆಟದ ಲೆಕ್ಕ. ಆದ್ರೆ ಕೆಲಸಕ್ಕೆ ಬರಲ್ಲ ಅಂತ ಬಿಟ್ಟ ಆ ಮನುಷ್ಯ ಬೇರ್ಸ್‌ಗೆ 1981ರವರೆಗೆ ಆಡಿ ಇನ್ನೊಂದು 40 ಸ್ಯಾಕ್ ಹಾಕಿದ್ರು, 1979ರಲ್ಲಿ ಮ್ಯಾರಥಾನ್ ಮುಗಿಸಿದ್ರು, ಇನ್ನೂ ಆಡ್ತಾ ಇರುವಾಗಲೇ ಮ್ಯಾರಥಾನ್ ಮುಗಿಸಿದ ಮೊದಲ ಎನ್‌ಎಫ್‌ಎಲ್ ಆಟಗಾರ ಅವ್ರೇ, ಮತ್ತೆ ಸೀಸನ್ ಇಲ್ಲದಾಗ ಮಿನ್ನಿಯಾಪೊಲಿಸ್‌ನ ಲಾ ಫರ್ಮಲ್ಲಿ ವಕೀಲಿಕೆ. ನನ್ನ ಉತ್ತರ ಇರೋದೇ ಇಲ್ಲಿ. ಟೀಮಿಗೆ ಬೇಕಾದ ಮೈ ಬೇರೆ, ತನಗೆ ಬೇಕಾದ ಬದುಕು ಬೇರೆ ಅಂದಾಗ ತನ್ನದನ್ನ ಆರಿಸಿಕೊಂಡು, ಆಟದಲ್ಲೂ ಬೇರೆಯವ್ರಿಗಿಂತ ಕಮ್ಮಿ ಆಗದೇ ಇದ್ದೋರು ಇನ್ನೊಬ್ರನ್ನ ನಾನು ಆ ಲೀಗಲ್ಲಿ ನೋಡಿಲ್ಲ.

ಆಮೇಲಿನದು ಬಹಳ ಜನಕ್ಕೆ ಗೊತ್ತಿರಲ್ಲ. ಮಿನ್ನೆಸೋಟಾದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಜಡ್ಜ್‌ಗಳಿಗೂ ಎಲೆಕ್ಷನ್ ಇದೆ (ಹೌದು, ನಮಗೆ ವಿಚಿತ್ರ). ಆದ್ರೆ ಅಲ್ಲಿನ ವಾಡಿಕೆ ಏನಂದ್ರೆ ಜಡ್ಜ್ ಮಧ್ಯದಲ್ಲಿ ರಿಟೈರ್ ಆಗೋದು, ಗವರ್ನರ್ ತಮಗೆ ಬೇಕಾದವ್ರನ್ನ ಕೂರಿಸೋದು. 1992ರಲ್ಲಿ ಪೇಜ್ ನಿಲ್ತೀನಿ ಅಂತ ಹೊರಟಾಗ, ಇದ್ದ ಜಡ್ಜ್ ಅವಧಿಯನ್ನ ಗವರ್ನರ್ ಮುಂದುವರಿಸಿದ್ರು, ಅಂದ್ರೆ ಎಲೆಕ್ಷನ್ನೇ ಇಲ್ಲ. ಪೇಜ್ ಕೇಸ್ ಹಾಕಿದ್ರು. ಆ ಕೋರ್ಟಿನ ಜಡ್ಜ್‌ಗಳೇ ಈ ಕೇಸ್ ಕೇಳಿದ್ರೆ ಸರಿಯಿರಲ್ಲ ಅಂತ ಬೇರೆ ಜಡ್ಜ್‌ಗಳನ್ನ ಕೂರಿಸಿ ವಿಚಾರಣೆ ಆಯ್ತು, ಪೇಜ್ ಗೆದ್ರು, ಎಲೆಕ್ಷನ್ ನಡೀತು, ಅದನ್ನೂ ಗೆದ್ರು. ಆ ಕೋರ್ಟಿನ ಮೊದಲ ಆಫ್ರಿಕನ್ ಅಮೆರಿಕನ್ ಜಡ್ಜ್. ಆಮೇಲೆ 1998, 2004, 2010 ಮೂರು ಸಲವೂ ಗೆದ್ದು, 70 ವರ್ಷಕ್ಕೆ ಇಳಿಯಲೇಬೇಕು ಅನ್ನೋ ನಿಯಮದ ಪ್ರಕಾರ 2015ರಲ್ಲಿ ಇಳಿದ್ರು. ಕುತ್ತಿಗೆಗೆ ಯಾವಾಗ್ಲೂ ಬೋ ಟೈ.

ಇದ್ರಲ್ಲಿ ನನಗೆ ಬಹಳ ಇಷ್ಟವಾದ್ದು 2009ರದ್ದು. ಅಮೆರಿಕದ ಸೆನೆಟ್‌ಗೆ ಮಿನ್ನೆಸೋಟಾದಿಂದ ಆಲ್ ಫ್ರಾಂಕೆನ್, ನಾರ್ಮ್ ಕೋಲ್‌ಮನ್ ನಡುವಿನ ಎಲೆಕ್ಷನ್, 28 ಲಕ್ಷಕ್ಕೂ ಹೆಚ್ಚು ಓಟಲ್ಲಿ ಕೊನೆಗೆ ವ್ಯತ್ಯಾಸ 312. ತಿಂಗಳುಗಟ್ಟಲೆ ಎಣಿಸಿ ಮತ್ತೆ ಎಣಿಸಿ ಕೋರ್ಟಿಗೆ ಬಂತು. ಓಟು ಪರಿಶೀಲಿಸಿದ ಬೋರ್ಡಲ್ಲಿ ಇದ್ದಿದ್ರಿಂದ ಚೀಫ್ ಜಸ್ಟಿಸ್ ಮತ್ತು ಇನ್ನೊಬ್ರು ಜಡ್ಜ್ ದೂರ ಉಳಿದ್ರು, ಹಾಗಾಗಿ ಹಿರಿಯರಾದ ಪೇಜ್ ಆ ಪೀಠದ ಅಧ್ಯಕ್ಷತೆ ವಹಿಸಿದ್ರು. ಐದಕ್ಕೆ ಐದೂ ಜನ ಒಂದೇ ಅಭಿಪ್ರಾಯ, ಫ್ರಾಂಕೆನ್ ಗೆದ್ರು ಅಂತ ತೀರ್ಪು. ಇಡೀ ದೇಶ ಕಣ್ಣಿಟ್ಟಿದ್ದ ಕೇಸದು.

ಓದಿನ ವಿಷಯಕ್ಕೆ ಇವ್ರು ಯಾಕೆ ಇಷ್ಟು ಅಂಟಿಕೊಂಡ್ರು ಅನ್ನೋದಕ್ಕೆ ಅವ್ರೇ ಹೇಳೋ ಕಥೆ ಒಂದಿದೆ. ವೈಕಿಂಗ್ಸ್‌ನಲ್ಲಿದ್ದಾಗ ಒಬ್ಬ ಕೋಚ್ ಆಟಗಾರರ ಕೈಲಿ ಪ್ಲೇಬುಕ್ (ಟೀಮಿನ ಆಟದ ಪ್ಲಾನ್‌ಗಳ ಪುಸ್ತಕ) ಗಟ್ಟಿಯಾಗಿ ಓದಿಸಿದ್ರಂತೆ, ನೋಡಿದ್ರೆ ಕೆಲವ್ರಿಗೆ ಸರಿಯಾಗಿ ಓದೋಕೇ ಬರ್ತಿಲ್ಲ. ಹೈಸ್ಕೂಲು ದಾಟಿ ಕಾಲೇಜು ದಾಟಿ ಬಂದೋರು! ಚೆನ್ನಾಗಿ ಆಡ್ತಾರೆ ಅಂತ ಎಲ್ಲರೂ ಪಾಸ್ ಮಾಡ್ತಾ ಬಂದಿದ್ದಾರೆ. 1988ರಲ್ಲಿ ಅದೇ ಕ್ಯಾಂಟನ್‌ನ ಹಾಲ್ ಆಫ್ ಫೇಮ್‌ಗೆ ಸೇರಿಸಿದಾಗ, ತನ್ನನ್ನ ಪರಿಚಯಿಸೋಕೆ ಕೋಚನ್ನೋ ಜೊತೆ ಆಟಗಾರನನ್ನೋ ಕರೀಲಿಲ್ಲ, ಮಿನ್ನಿಯಾಪೊಲಿಸ್‌ನ ನಾರ್ತ್ ಹೈಸ್ಕೂಲ್ ಪ್ರಿನ್ಸಿಪಾಲ್ ವಿಲರೀನ್ ಬೀಸ್ಲಿ ಅವ್ರನ್ನ ಕರೆದ್ರು, ಭಾಷಣದಲ್ಲೂ ಮಾತಾಡಿದ್ದು ಮಕ್ಕಳ ಓದಿನ ಬಗ್ಗೆ. ಅದೇ ವರ್ಷ ಡಯೇನ್ ಜೊತೆ ಸೇರಿ ಪೇಜ್ ಎಜುಕೇಶನ್ ಫೌಂಡೇಶನ್ ಶುರು ಮಾಡಿದ್ರು. ಕಾಲೇಜಿಗೆ ಹೋಗೋ ಕರಿಯ ಮತ್ತು ಇತರ ಅಲ್ಪಸಂಖ್ಯಾತ ಮಕ್ಕಳಿಗೆ ಸ್ಕಾಲರ್‌ಶಿಪ್, ಒಂದೇ ಷರತ್ತು, ತಗೊಂಡೋರು ಚಿಕ್ಕ ಮಕ್ಕಳಿಗೆ ಪಾಠ ಹೇಳಿಕೊಡಬೇಕು. ಈ ಷರತ್ತು ನನಗೆ ದುಡ್ಡಿಗಿಂತ ಜಾಸ್ತಿ ಇಷ್ಟ.

ರಿಟೈರ್ ಆದ ಮೇಲೂ ಸುಮ್ನಿಲ್ಲ. 2020ರಲ್ಲಿ ಮಿನ್ನಿಯಾಪೊಲಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷ ನೀಲ್ ಕಾಶ್ಕರಿ ಜೊತೆ (ಹೆಸರು ನೋಡಿ, ಕಾಶ್ಮೀರಿ ಮೂಲದವ್ರೇ) ಸೇರಿ, ಒಳ್ಳೇ ಸರ್ಕಾರಿ ಶಾಲೆ ಪ್ರತಿ ಮಗುವಿನ ಹಕ್ಕು ಅಂತ ರಾಜ್ಯದ ಸಂವಿಧಾನದಲ್ಲೇ ಬರೀಬೇಕು ಅಂತ ಹೊರಟ್ರು. ಟೀಚರ್‌ಗಳ ಯೂನಿಯನ್ ಅದನ್ನ ವಿರೋಧಿಸಿತು. ಮಿನ್ನಿಯಾಪೊಲಿಸ್‌ನಲ್ಲಿ ಒಂದು ಮಿಡ್ಲ್ ಸ್ಕೂಲಿಗೆ ಹಳೇ ಗವರ್ನರ್ ಅಲೆಕ್ಸಾಂಡರ್ ರ‍್ಯಾಮ್ಸಿ ಹೆಸರಿತ್ತು, ಮೂಲನಿವಾಸಿ ಡಕೋಟಾ ಜನರನ್ನ ನಿರ್ನಾಮ ಮಾಡಬೇಕು ಇಲ್ಲಾ ಓಡಿಸಬೇಕು ಅಂದಿದ್ದವ್ರು, ಅದನ್ನ ಬದಲಾಯಿಸಬೇಕು ಅಂತ ಮಕ್ಕಳೇ ಹಟ ಹಿಡಿದು ಪೇಜ್ ಹೆಸರಿಡಿಸಿದ್ರು. 2018ರಲ್ಲಿ ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಂ ಬಂತು, ಅದೇ ವರ್ಷ ಡಯೇನ್ ತೀರಿಕೊಂಡ್ರು. ಗುಲಾಮಗಿರಿ ಕಾಲದ, ಕರಿಯರನ್ನ ಬೇರೆ ಇಟ್ಟ ಕಾಲದ ವಸ್ತುಗಳನ್ನ ಇಬ್ಬರೂ ವರ್ಷಗಟ್ಟಲೆ ಕೂಡಿಹಾಕಿದ್ರು, ಆ ವರ್ಷ ಸೂಪರ್ ಬೌಲ್ ಮಿನ್ನಿಯಾಪೊಲಿಸ್‌ಗೆ ಬಂದಾಗ ಊರಿನ ಲೈಬ್ರರಿಯಲ್ಲಿ ಎಲ್ಲರಿಗೂ ನೋಡೋಕೆ ಇಟ್ಟಿದ್ರು. ಮತ್ತೆ ಟ್ವಿನ್ ಸಿಟೀಸ್ ಮ್ಯಾರಥಾನ್ ದಿನ ರಸ್ತೆ ಪಕ್ಕ ನಿಂತು ಟ್ಯೂಬಾ ಊದೋದು ಅವ್ರ ಹಳೇ ಅಭ್ಯಾಸ, ಅಷ್ಟು ದೊಡ್ಡ ಕೊಂಬು ವಾದ್ಯ, ಓಡೋರಿಗೆ ಹುರುಪು ಬರಲಿ ಅಂತ. ಅವ್ರ ಕಿರುಬೆರಳು ಎಷ್ಟೋ ಸಲ ಕೀಲು ತಪ್ಪಿ ತಪ್ಪಿ ಈಗ ಪಕ್ಕಕ್ಕೆ ಸೊಟ್ಟಗೆ ಚಾಚಿಕೊಂಡಿದೆ, ಆ ಬೆರಳಿನ ಬಗ್ಗೆಯೂ ಮಗಳ ಜೊತೆ ಸೇರಿ ಮಕ್ಕಳ ಪುಸ್ತಕ ಬರೆದಿದ್ದಾರೆ.

ಕೊನೆಗೆ ಕೇಳೋ ಪ್ರಶ್ನೆ, ಇವ್ರ ಆಟ ಈಗ ನೋಡೋಕೆ ಸಿಗುತ್ತಾ? ಯೂಟ್ಯೂಬಲ್ಲಿ ಎಪ್ಪತ್ತರ ದಶಕದ ವೈಕಿಂಗ್ಸ್ ತುಣುಕುಗಳಿವೆ, ಕ್ವಾಲಿಟಿ ಅಷ್ಟಕ್ಕಷ್ಟೇ. ಬಾಲ್ ನೋಡಬೇಡಿ. ಡಿಫೆನ್ಸ್ ಸಾಲಿನ ನಡುವಲ್ಲಿ 88 ನಂಬರ್ ಹುಡುಕಿ, ಬಾಲ್ ಅಲುಗಿದಾಗ ಅವ್ರ ಎದುರಿಗಿರೋ ಗಾರ್ಡ್ ಏನ್ ಮಾಡ್ತಾನೆ ಅಂತ ಅವನನ್ನ ಮಾತ್ರ ನೋಡಿ, ಸ್ಲೋ ಮಾಡಿ ನೋಡಿದ್ರೆ ಇನ್ನೂ ಚೆನ್ನಾಗಿ ಕಾಣುತ್ತೆ.