ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಏಕೆ ಬೇಡ?

ಸಾವಯವ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಪಾಠ ಮಾಡುವ ನನಗೆ ಪ್ರತಿ ವರ್ಷವೂ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ. ಎಂ.ಎಸ್ಸಿ. ವಿದ್ಯಾರ್ಥಿಗಳು ಕೇಳುತ್ತಾರೆ, ಔಷಧ ಕಂಪನಿಗಳಿಗೆ ಹೊಸದಾಗಿ ಸೇರಿದ ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿ ಕೇಳುತ್ತಾರೆ: “ಕೀಟೋನನ್ನು ಆಲ್ಕೋಹಾಲ್ ಮಾಡಲು ಲಿಥಿಯಂ ಅಲ್ಯುಮಿನಿಯಂ ಹೈಡ್ರೈಡ್ ಅಷ್ಟು ಬಲವಾದ ಅಪಕರ್ಷಕ ಎಂದು ನೀವೇ ಹೇಳಿದಿರಿ. ಹಾಗಿದ್ದ ಮೇಲೆ ಸಪ್ಪೆ ಸೋಡಿಯಂ ಬೋರೋಹೈಡ್ರೈಡನ್ನು ಏಕೆ ಕೊಡುತ್ತೀರಿ?” ಕೀಟೋನ್ ಎಂದರೆ ಎರಡು ಕಾರ್ಬನ್ನುಗಳ ನಡುವಿನ ಕಾರ್ಬನ್ನಿಗೆ ಆಮ್ಲಜನಕ ಜೋಡಿಬಂಧದಲ್ಲಿ ಅಂಟಿರುವ ಸಂಯುಕ್ತ; ಅದಕ್ಕೆ ಹೈಡ್ರೋಜನ್ ಕೊಟ್ಟು ಆಲ್ಕೋಹಾಲ್ ಮಾಡುವ ರಾಸಾಯನಿಕವೇ ಇಲ್ಲಿ ಅಪಕರ್ಷಕ.

ಮನೆಯವರು ಕೇಳುವ ಪ್ರಶ್ನೆ ಬೇರೆ. ಆಲ್ಕೋಹಾಲ್ ಎಂದ ಕೂಡಲೇ ಅವರ ಹುಬ್ಬು ಮೇಲೇರುತ್ತದೆ. ಅವರಿಗೆ ಉತ್ತರ ಸುಲಭ: ನಾವು ಮಾಡುವುದನ್ನು ಯಾರೂ ಕುಡಿಯುವುದಿಲ್ಲ.

ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರವನ್ನು ಕರ್ಪೂರದಿಂದ ಆರಂಭಿಸುತ್ತೇನೆ, ಏಕೆಂದರೆ ನಮ್ಮಲ್ಲಿ ಈ ಪ್ರಯೋಗವನ್ನು ಮಾಡಿಸುವುದು ಕರ್ಪೂರದ ಮೇಲೆಯೇ. ಮಂಗಳಾರತಿಯ ತಟ್ಟೆಯಲ್ಲಿ ಉರಿಯುವ ಬಿಳಿ ಬಿಲ್ಲೆ ಒಂದು ಕೀಟೋನ್ ಎಂದು ಹೇಳಿದಾಗ ಮೂಡುವ ಅಚ್ಚರಿಯನ್ನು ನೋಡುವುದು ನನಗೆ ಇಂದಿಗೂ ಬೇಸರವಾಗಿಲ್ಲ. ಅದರಲ್ಲಿ ತಮಾಷೆಯೂ ಇದೆ. ಈಗ ಅಂಗಡಿಯಲ್ಲಿ ಸಿಗುವ ಕರ್ಪೂರ ಹೆಚ್ಚಿನಂಶ ಮರದಿಂದ ನೇರವಾಗಿ ಇಳಿದದ್ದಲ್ಲ. ಪೈನ್ ಮರದ ಟರ್ಪೆಂಟೈನಿನಲ್ಲಿರುವ ಪೈನೀನಿನಿಂದ ಕಾರ್ಖಾನೆಯಲ್ಲಿ ತಯಾರಾದದ್ದು. ಆ ದಾರಿಯ ಕೊನೆಯ ಮೆಟ್ಟಿಲಿನಲ್ಲಿ ಐಸೋಬೋರ್ನಿಯಾಲ್ ಎಂಬ ಆಲ್ಕೋಹಾಲಿನಿಂದ ಹೈಡ್ರೋಜನ್ ಕಿತ್ತು ಕರ್ಪೂರ ಮಾಡುತ್ತಾರೆ. ನಾವು ಅದೇ ಕರ್ಪೂರಕ್ಕೆ ಹೈಡ್ರೋಜನ್ ಕೊಟ್ಟು ಮತ್ತೆ ಐಸೋಬೋರ್ನಿಯಾಲ್ ಮಾಡುತ್ತೇವೆ. ಕಾರ್ಖಾನೆಯವರು ಹತ್ತಿದ ಮೆಟ್ಟಿಲನ್ನು ಇಳಿಯುವುದಕ್ಕೆ ನಾವು ಪರೀಕ್ಷೆಯಲ್ಲಿ ಅಂಕ ಕೊಡುತ್ತೇವೆ.

ಪ್ರಯೋಗ ಇಷ್ಟೇ. ಒಂದು ಗ್ರಾಂ ಕರ್ಪೂರವನ್ನು ಮೆಥನಾಲಿನಲ್ಲಿ ಕರಗಿಸಿ, ಫ್ಲಾಸ್ಕನ್ನು ಮಂಜುಗಡ್ಡೆಯ ನೀರಿನಲ್ಲಿ ಇಟ್ಟು, ಬೋರೋಹೈಡ್ರೈಡನ್ನು ಚಿಟಿಕೆ ಚಿಟಿಕೆಯಾಗಿ ಹಾಕಬೇಕು. ಬುರುಬುರು ಗುಳ್ಳೆ ಏಳುತ್ತದೆ. ಸ್ವಲ್ಪ ಹೊತ್ತು ಬಿಸಿ ಮಾಡಿ, ತಣಿಸಿ, ಮಂಜುಗಡ್ಡೆಯ ನೀರಿಗೆ ಸುರಿದರೆ ಬಿಳಿ ಪುಡಿ ತಳಕ್ಕಿಳಿಯುತ್ತದೆ. ಸೋಸಿ ಒಣಗಿಸಿದರೆ ಕೆಲಸ ಮುಗಿಯಿತು.

ಗುಳ್ಳೆ ಎದ್ದಾಗ ಎಲ್ಲರ ಮುಖ ಅರಳುತ್ತದೆ, “ರಿಯಾಕ್ಷನ್ ಆಗುತ್ತಿದೆ ಸಾರ್” ಎನ್ನುತ್ತಾರೆ. ಆಗುತ್ತಿದೆ ನಿಜ, ಆದರೆ ಅದು ನಮಗೆ ಬೇಕಾದ ಕ್ರಿಯೆಯಲ್ಲ. ಹೈಡ್ರೈಡ್ ಎಂದರೆ ಎರಡು ಎಲೆಕ್ಟ್ರಾನುಗಳನ್ನು ಹೊತ್ತ ಹೈಡ್ರೋಜನ್. ಅದು ಕರ್ಪೂರದ ಕಾರ್ಬೊನಿಲ್ ಕಾರ್ಬನ್ನಿಗೆ, ಅಂದರೆ ಆಮ್ಲಜನಕ ಅಂಟಿರುವ ಕಾರ್ಬನ್ನಿಗೆ, ಹೋಗಿ ಕೂತರೆ ಗುಳ್ಳೆ ಏಳುವುದೇ ಇಲ್ಲ. ಮೆಥನಾಲಿನ ಪ್ರೋಟಾನನ್ನು ಸೇರಿಕೊಂಡಾಗ ಮಾತ್ರ ಹೈಡ್ರೋಜನ್ ಅನಿಲವಾಗಿ ಹಾರಿಹೋಗುತ್ತದೆ. ಗುಳ್ಳೆ ಎಂದರೆ ಪೋಲು. ಲೆಕ್ಕ ಹಾಕಿ ನೋಡಿ: ಒಂದು ಬೋರೋಹೈಡ್ರೈಡ್ ನಾಲ್ಕು ಕೀಟೋನುಗಳಿಗೆ ಸಾಕು. ಒಂದು ಗ್ರಾಂ ಕರ್ಪೂರಕ್ಕೆ ಬೇಕಾದದ್ದು ಸುಮಾರು 62 ಮಿಲಿಗ್ರಾಂ. ನಾವು ಹಾಕಿಸುವುದು 600 ಮಿಲಿಗ್ರಾಂ. ಮಿಕ್ಕದ್ದಷ್ಟೂ ಮೆಥನಾಲಿನ ಪಾಲಾದರೆ ಒಂದು ಲೀಟರಿಗೂ ಹೆಚ್ಚು ಹೈಡ್ರೋಜನ್ ಹೊರಬರುತ್ತದೆ. ಆದ್ದರಿಂದಲೇ ಹೊಗೆಗೂಡಿನ ಕೆಳಗೆ ಮಾಡಿ, ಬರ್ನರ್ ಹಚ್ಚಬೇಡಿ ಎಂದು ನಾನು ಗಂಟಲು ಹರಿದುಕೊಳ್ಳುವುದು.

ಹಾಗಾದರೆ ಮೆಥನಾಲನ್ನೇ ಬಿಟ್ಟುಬಿಡಬಾರದೇ? ಬಿಡಬಹುದು, ಆದರೆ ಪೋಲು ಮಾಡುವ ಆ ದ್ರಾವಕವೇ ಕೀಟೋನಿನ ಆಮ್ಲಜನಕಕ್ಕೆ ಹೈಡ್ರೋಜನ್ ಬಂಧದ ಆಸರೆ ಕೊಟ್ಟು ಕಾರ್ಬನ್ನನ್ನು ಹೈಡ್ರೈಡಿಗೆ ಇನ್ನಷ್ಟು ಎಟುಕುವಂತೆ ಮಾಡುತ್ತದೆ. ಎಥನಾಲಿನಲ್ಲಿ ಪೋಲು ಕಡಿಮೆ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಇನ್ನೂ ಕಡಿಮೆ. ಕ್ರಿಯೆಯೂ ಅಷ್ಟೇ ನಿಧಾನ. ಎರಡು ಗಂಟೆಯ ಪ್ರಯೋಗಕ್ಕೆ ಮೆಥನಾಲೇ ಸರಿ.

ಈಗ ಬ್ರಹ್ಮಾಸ್ತ್ರದ ವಿಷಯ. ಲಿಥಿಯಂ ಅಲ್ಯುಮಿನಿಯಂ ಹೈಡ್ರೈಡನ್ನು ಮೆಥನಾಲಿಗೆ ಹಾಕಿದರೆ ಗುಳ್ಳೆಯಷ್ಟೇ ಅಲ್ಲ, ಬೆಂಕಿಯೂ ಏಳಬಹುದು. ಅದಕ್ಕೆ ಒಂದು ಹನಿ ನೀರಿಲ್ಲದ ಈಥರ್ ಬೇಕು, ನೈಟ್ರೋಜನ್ ಬೇಕು, ಒಲೆಯಲ್ಲಿ ಒಣಗಿಸಿದ ಗಾಜು ಬೇಕು. ಇಷ್ಟೆಲ್ಲ ಮಾಡಿ ಅದರಿಂದ ಕರ್ಪೂರವನ್ನು ಅಪಕರ್ಷಿಸಿದರೆ ಸಿಗುವುದೇನು? ಅದೇ ಐಸೋಬೋರ್ನಿಯಾಲ್, ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ. ಕರ್ಪೂರದ ಅಣು ಒಂದು ಪುಟ್ಟ ಪಂಜರ. ಅದರ ಸೇತುವೆಯಂತಿರುವ ಕಾರ್ಬನ್ನಿನ ಮೇಲೆ ಎರಡು ಮೀಥೈಲ್ ಗುಂಪುಗಳು ಜಗಲಿಯ ಮೇಲೆ ಕೂತ ಯಜಮಾನರಂತೆ ಕೂತಿವೆ. ಆ ಕಡೆಯಿಂದ ಹೈಡ್ರೈಡಿಗೆ ಒಳಕ್ಕೆ ದಾರಿ ಇಲ್ಲ. ಅದು ಹಿತ್ತಿಲ ಬಾಗಿಲಿನಿಂದ, ಅಂದರೆ ಪಂಜರದ ಕೆಳಬದಿಯಿಂದ ಬರಬೇಕು. ಬಂದಾಗ ಆಮ್ಲಜನಕ ಮೇಲಕ್ಕೆ ತಳ್ಳಲ್ಪಡುತ್ತದೆ. ಹೀಗಾಗಿ ಹೆಚ್ಚು ಸಿಗುವುದು ಐಸೋಬೋರ್ನಿಯಾಲ್, ಸ್ವಲ್ಪ ಮಾತ್ರ ಆಮ್ಲಜನಕ ಕೆಳಕ್ಕಿರುವ ಅದರ ಜೋಡಿ ಬೋರ್ನಿಯಾಲ್. ಇದೇ ಪಂಜರದಿಂದ ಮೀಥೈಲುಗಳನ್ನೆಲ್ಲ ತೆಗೆದ ನಾರ್‌ಕ್ಯಾಂಫರನ್ನು ತೆಗೆದುಕೊಂಡರೆ ಹೈಡ್ರೈಡ್ ರಾಜಾರೋಷವಾಗಿ ಮುಂಬಾಗಿಲಿನಿಂದಲೇ ಬರುತ್ತದೆ, ಫಲಿತಾಂಶ ತಲೆಕೆಳಗಾಗುತ್ತದೆ. ತೀರ್ಮಾನ ಮಾಡುವುದು ಅಣುವಿನ ಆಕಾರ. ಅಪಕರ್ಷಕದ ತೋಳ್ಬಲಕ್ಕೆ ಅಲ್ಲಿ ಕೆಲಸವಿಲ್ಲ.

ಬಲ ಬೇಡದ ಕಡೆ ಅದು ಮಾಡುವ ಹಾನಿಯನ್ನು ನಾನು ಪಿಎಚ್.ಡಿ. ಕಾಲದಲ್ಲಿ ಚೆನ್ನಾಗಿ ಕಲಿತೆ. ನನ್ನ ಅಣುವಿನ ಒಂದು ತುದಿಯಲ್ಲಿ ಕೀಟೋನ್, ಇನ್ನೊಂದು ತುದಿಯಲ್ಲಿ ಎಸ್ಟರ್, ಅಂದರೆ ಆಮ್ಲ ಮತ್ತು ಆಲ್ಕೋಹಾಲ್ ಸೇರಿ ಆಗುವ ಗುಂಪು. ಬೋರೋಹೈಡ್ರೈಡ್ ಕೀಟೋನನ್ನು ಮುಟ್ಟಿ ಎಸ್ಟರನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ ಎಂಬುದು ಪುಸ್ತಕದಲ್ಲಿತ್ತು, ನನಗೆ ಬಾಯಿಪಾಠವೂ ಆಗಿತ್ತು. ಆದರೂ ಆ ದಿನ ಬೋರೋಹೈಡ್ರೈಡ್ ಬಾಟಲಿ ಖಾಲಿಯಾಗಿತ್ತು, ಪಕ್ಕದಲ್ಲೇ ಲಿಥಿಯಂ ಅಲ್ಯುಮಿನಿಯಂ ಹೈಡ್ರೈಡಿನ ಬಾಟಲಿ ಇತ್ತು, ತಣ್ಣಗೆ ಇಟ್ಟರೆ ಪರವಾಗಿಲ್ಲ ಎಂದುಕೊಂಡೆ. ಎಸ್ಟರ್ ಕೂಡ ಆಲ್ಕೋಹಾಲಾಗಿ ಕೈಗೆ ಬಂದದ್ದು ಡೈಯಾಲ್, ಎರಡು ಆಲ್ಕೋಹಾಲ್ ಗುಂಪುಗಳಿರುವ ಅಣು. ಎರಡು ವಾರ ಕೂತು ಮಾಡಿದ ಸರಕು ಒಂದು ಮಧ್ಯಾಹ್ನದಲ್ಲಿ ಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಉಳಿದ ಹೈಡ್ರೈಡನ್ನು ಕೊಲ್ಲಲು ಅಂದಾಜಿನ ಮೇಲೆ ನೀರು ಹಾಕಿದೆ. ಅಲ್ಯುಮಿನಿಯಂ ಹೈಡ್ರಾಕ್ಸೈಡ್ ರಾಗಿ ಅಂಬಲಿಯಂತೆ ಗಟ್ಟಿಯಾಗಿ, ಸೋಸುವ ಕಾಗದವನ್ನು ಕಟ್ಟಿ ಹಾಕಿ, ನನ್ನ ಡೈಯಾಲನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡಿತು. ಇದಕ್ಕೆ ಅಳತೆಯ ಪಾಕ ಇದೆ: ಹಾಕಿದ ಹೈಡ್ರೈಡ್ ಒಂದು ಗ್ರಾಂ ಇದ್ದರೆ, ತಣಿಸಿದ ಫ್ಲಾಸ್ಕಿಗೆ ಹನಿ ಹನಿಯಾಗಿ ಒಂದು ಮಿಲಿಲೀಟರ್ ನೀರು, ನಂತರ ಒಂದು ಮಿಲಿಲೀಟರ್ ಶೇಕಡಾ 15ರ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ, ಕೊನೆಗೆ ಮೂರು ಮಿಲಿಲೀಟರ್ ನೀರು. ಹೀಗೆ ಮಾಡಿದರೆ ಅದೇ ಅಂಬಲಿ ರವೆಯಂತೆ ಉದುರುದುರಾಗಿ ಸುಲಭವಾಗಿ ಸೋಸಿ ಬರುತ್ತದೆ. ಆಗಲೇ ಗಂಜಿಯಾಗಿದ್ದರೆ ಅಲ್ಯುಮಿನಿಯಮನ್ನು ಹಿಡಿದು ಕರಗಿಸುವ ರೋಶೆಲ್ ಲವಣದ ದ್ರಾವಣ ಹಾಕಿ ಗಂಟೆಗಟ್ಟಲೆ ಕಲಕುವುದೊಂದೇ ದಾರಿ. ಹೊಸಬರು ಅಪಕರ್ಷಕವನ್ನು ಕ್ರಿಯೆಯ ವೇಗ ನೋಡಿ ಆರಿಸುತ್ತಾರೆ. ಕೆಲಸದಲ್ಲಿ ಪಳಗಿದವರು ಕ್ರಿಯೆ ಮುಗಿದ ಮೇಲೆ ಫ್ಲಾಸ್ಕ್ ತೊಳೆಯುವ ಕಷ್ಟ ನೋಡಿ ಆರಿಸುತ್ತಾರೆ.

ಹಾಗೆಂದು ಆ ಬಾಟಲಿಯನ್ನು ಬೀಸಾಡಿ ಎನ್ನುತ್ತಿಲ್ಲ. ಎಸ್ಟರನ್ನೋ ಕಾರ್ಬಾಕ್ಸಿಲಿಕ್ ಆಮ್ಲವನ್ನೋ ಆಲ್ಕೋಹಾಲ್ ಮಾಡಬೇಕಾದಾಗ, ಅಮೈಡನ್ನು ಅಮೀನ್ ಮಾಡಬೇಕಾದಾಗ ನಾನೂ ಅದನ್ನೇ ತೆಗೆಯುತ್ತೇನೆ.

ಇನ್ನು ಬೋರೋಹೈಡ್ರೈಡನ್ನು ಸಪ್ಪೆ ಎಂದವರಿಗೆ ಅದರ ಜಾತಕ ಹೇಳದೆ ಬಿಡುವುದಿಲ್ಲ. 1936ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿದ ಹರ್ಬರ್ಟ್ ಸಿ. ಬ್ರೌನ್ ಎಂಬ ಹುಡುಗನಿಗೆ, ಮುಂದೆ ಅವನ ಹೆಂಡತಿಯಾದ ಸಾರಾ ಬೋರಾನ್ ಹೈಡ್ರೈಡುಗಳ ಕುರಿತ ಪುಸ್ತಕವೊಂದನ್ನು ಉಡುಗೊರೆ ಕೊಟ್ಟಳು. ಅಂಗಡಿಯಲ್ಲಿದ್ದ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಅತಿ ಅಗ್ಗದ್ದು ಅದೇ ಆಗಿತ್ತು, ಬೆಲೆ ಸುಮಾರು ಎರಡು ಡಾಲರ್. ಎರಡನೆಯ ಮಹಾಯುದ್ಧದ ಕಾಲಕ್ಕೆ ಬ್ರೌನ್ ತನ್ನ ಗುರು ಹರ್ಮನ್ ಷ್ಲೆಸಿಂಜರ್ ಜೊತೆ, ಸುಲಭವಾಗಿ ಆವಿಯಾಗುವ ಯುರೇನಿಯಂ ಸಂಯುಕ್ತಗಳಿಗಾಗಿ ಬೋರೋಹೈಡ್ರೈಡುಗಳ ಹಿಂದೆ ಬಿದ್ದಿದ್ದ. ಯುರೇನಿಯಂ ಕೆಲಸಕ್ಕೆ ಅವು ಬೇಡವಾದವು, ಆದರೆ ಬಯಲಿನಲ್ಲಿ ಸುಲಭವಾಗಿ ಹೈಡ್ರೋಜನ್ ಉತ್ಪಾದಿಸಲು ಸೋಡಿಯಂ ಬೋರೋಹೈಡ್ರೈಡ್ ಸೈನ್ಯಕ್ಕೆ ಬೇಕಾಯಿತು. ನಮ್ಮ ಹುಡುಗರು ಮೆಚ್ಚುವ ಗುಳ್ಳೆಯೇ ಅದರ ಮೊದಲ ಉದ್ಯೋಗ! ತಯಾರಿಕೆಯಲ್ಲಿ ಅದರ ಜೊತೆ ಸೋಡಿಯಂ ಮೆಥಾಕ್ಸೈಡ್ ಬೆರೆತು ಬರುತ್ತಿತ್ತು. ಎರಡನ್ನೂ ಬೇರ್ಪಡಿಸಲು ಒಳ್ಳೆಯ ದ್ರಾವಕ ಹುಡುಕುತ್ತ ಅಸಿಟೋನ್ ಎಂಬ ಸರಳ ಕೀಟೋನನ್ನು ಹಾಕಿ ನೋಡಿದರು. ಜೋರಾದ ಕ್ರಿಯೆ ನಡೆಯಿತು, ಆದರೆ ಹೈಡ್ರೋಜನ್ ಹೊರಬರಲಿಲ್ಲ. ನೀರು ಸೇರಿಸಿ ಪರೀಕ್ಷಿಸಿದಾಗ ಒಂದು ಬೋರೋಹೈಡ್ರೈಡ್ ನಾಲ್ಕು ಅಸಿಟೋನುಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಮಾಡಿತ್ತು. ತೊಳೆಯಲು ತಂದ ದ್ರಾವಕವೇ ಕ್ರಿಯೆಗೆ ಇಳಿದಿತ್ತು. ಯುದ್ಧದ ಗುಟ್ಟುಗಳ ನಡುವೆ ಸಿಕ್ಕಿದ ಈ ಕೆಲಸ 1953ರಲ್ಲಿ ಅಚ್ಚಾಯಿತು, ಬೋರಾನಿನ ರಸಾಯನಶಾಸ್ತ್ರಕ್ಕಾಗಿ ಬ್ರೌನ್‌ಗೆ 1979ರಲ್ಲಿ ನೊಬೆಲ್ ಬಂತು. ಅವರ ಹೆಸರಿನ ಮೊದಲಕ್ಷರಗಳು ಎಚ್, ಸಿ, ಬಿ. ಹೈಡ್ರೋಜನ್, ಕಾರ್ಬನ್, ಬೋರಾನ್. ಜಾತಕ ಎಂದದ್ದು ಸುಮ್ಮನೆ ಅಲ್ಲ.

ನಮ್ಮ ಬಿಳಿ ಪುಡಿ ನಿಜವಾಗಿ ಐಸೋಬೋರ್ನಿಯಾಲೇ ಎಂದು ತಿಳಿಯುವುದು ಹೇಗೆಂದೂ ಕೇಳುತ್ತಾರೆ. ಮೂಗನ್ನು ನಂಬಬೇಡಿ, ಐಸೋಬೋರ್ನಿಯಾಲಿನದ್ದೂ ಕರ್ಪೂರದಂಥ ವಾಸನೆಯೇ. ಕರಗುವ ಬಿಂದು ನೋಡಲು ತೆರೆದ ಕ್ಯಾಪಿಲರಿಯಲ್ಲಿ ತುಂಬಿದರೆ ಪುಡಿ ಕರಗುವ ಮೊದಲೇ ಆವಿಯಾಗಿ ಹೋಗುತ್ತದೆ. “ಸಾರ್, ಒಳಗೆ ಏನೂ ಇಲ್ಲ” ಎಂದು ಖಾಲಿ ನಳಿಕೆ ಹಿಡಿದು ಬರುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಎರಡೂ ಬಾಯಿ ಮುಚ್ಚಿದ ನಳಿಕೆ ಬೇಕು. ಅವಗೆಂಪು (ಇನ್‌ಫ್ರಾರೆಡ್) ರೋಹಿತ ತೆಗೆದರೆ ಇನ್ನೂ ಸ್ಪಷ್ಟ: ತರಂಗಸಂಖ್ಯೆಯ (cm⁻¹) ಅಳತೆಯಲ್ಲಿ 1740ರ ಆಸುಪಾಸಿನಲ್ಲಿದ್ದ ಕೀಟೋನಿನ ಚೂಪು ಪಟ್ಟಿ ಮಾಯವಾಗಿ, 3300ರ ಹತ್ತಿರ ಆಲ್ಕೋಹಾಲಿನ ಅಗಲ ಪಟ್ಟಿ ಮೂಡಿರಬೇಕು.

ಕಳೆದ ಬಾರಿ ಒಬ್ಬ ವಿದ್ಯಾರ್ಥಿನಿ ಗುಳ್ಳೆಯ ಲೆಕ್ಕವನ್ನು ಮನಸ್ಸಿಗೆ ಹಚ್ಚಿಕೊಂಡು, ಪೋಲು ತಡೆಯುತ್ತೇನೆ ಎಂದು ಹೊರಟಳು. ಮೆಥನಾಲಿನ ಬದಲು ಎಥನಾಲ್, 600 ಮಿಲಿಗ್ರಾಂ ಬದಲು 120. ಅವಳ ಫ್ಲಾಸ್ಕಿನಲ್ಲಿ ಗುಳ್ಳೆ ಅಲ್ಲೊಂದು ಇಲ್ಲೊಂದು. ಪಕ್ಕದವರು ಸೋಸಿ, ತೊಳೆದು, ಮನೆಗೆ ಹೋದರು. ಸಂಜೆ ಒಂದು ಹನಿ ತೆಗೆದು, ಶುದ್ಧ ಮಾಡಿ ರೋಹಿತ ನೋಡಿದಾಗ 1740ರಲ್ಲಿ ಇನ್ನೂ ಕೀಟೋನಿನ ಒಂದು ಸಣ್ಣ ಪಟ್ಟಿ ಉಳಿದಿತ್ತು. ಇನ್ನೂ 30 ಮಿಲಿಗ್ರಾಂ ತೂಗಿಕೊಂಡು ಬರುತ್ತೇನೆ ಎಂದು ತಕ್ಕಡಿಯ ಕಡೆ ನಡೆದಳು. ಪ್ರಯೋಗಾಲಯದ ಬೀಗದ ಕೈ ನನ್ನ ಬಳಿಯೇ ಇದ್ದುದರಿಂದ ನಾನೂ ಕಾದು ಕೂತೆ.